35 ಡಿಗ್ರಿಗೆ ಮಾಡಿದ ಮಷೀನು, 43 ಡಿಗ್ರಿಯ ಊರು

ಭಾರೀ ಕೆಲಸಕ್ಕೆಂದೇ ಮಾಡಿದ ವರ್ಕ್‌ಸ್ಟೇಷನ್ ಲ್ಯಾಪ್‌ಟಾಪ್‌ನ ವಿವರಪಟ್ಟಿ ಕೈಗೆ ಬಂದರೆ ಎಲ್ಲರ ಕಣ್ಣೂ ಮೊದಲು ಪ್ರೊಸೆಸರ್ ಮೇಲೆ ಹೋಗುತ್ತದೆ, ಆಮೇಲೆ ಗ್ರಾಫಿಕ್ಸ್, ಆಮೇಲೆ ಬೆಲೆ. ನಾನು ಈಗ ಕೆಳಗಿನಿಂದ ಮೇಲಕ್ಕೆ ಓದುತ್ತೇನೆ. ತೂಕ, ಉದ್ದಗಲ ಎಲ್ಲ ಮುಗಿದ ಮೇಲೆ ತಳದಲ್ಲಿ ಒಂದು ಸಾಲು ಇರುತ್ತದೆ. ಮಷೀನು ನಡೆಯುವಾಗ ಸುತ್ತಲಿನ ಉಷ್ಣಾಂಶ ಎಷ್ಟರವರೆಗೆ ಇರಬಹುದು ಅನ್ನುವ ಸಾಲು. ಬಹುತೇಕ ಮಾದರಿಗಳಿಗೆ ಅಲ್ಲಿ ಬರೆದಿರುವ ಮೇಲಿನ ಗಡಿ 35 ಡಿಗ್ರಿ. ಕಲಬುರಗಿಯಲ್ಲಿ ಹೋಳಿ ಮುಗಿದು ಶರಣಬಸವೇಶ್ವರರ ತೇರು ಎಳೆಯುವ ಹೊತ್ತಿಗೇ ಮಧ್ಯಾಹ್ನ ಆ ಗಡಿ ದಾಟಿರುತ್ತದೆ. ಏಪ್ರಿಲ್, ಮೇ ಬಂತೆಂದರೆ 42, 43 ಮಾಮೂಲಿ. ಸುಣ್ಣಕಲ್ಲಿನ ಕ್ವಾರಿಯೊಳಗೆ ಇಳಿದರೆ ನಾಲ್ಕೂ ಕಡೆಯ ಕಲ್ಲು ಬಿಸಿಲನ್ನು ಮುಖಕ್ಕೆ ಎಸೆಯುತ್ತಿರುತ್ತದೆ, ಅಲ್ಲಿ ಥರ್ಮಾಮೀಟರ್ ನೋಡುವುದನ್ನೇ ಬಿಟ್ಟುಬಿಡುತ್ತೇವೆ.

ಈ ವರ್ಷ ಆಫೀಸಿಗೆ ಹೊಸ ಲ್ಯಾಪ್‌ಟಾಪ್ ತಗೊಳ್ಳುವ ಸಮಯ ಬಂದಾಗ ನಾನು ತೂಗಿ ನೋಡಿದ್ದೆಲ್ಲ ಈ ಸಾಲಿನಿಂದಲೇ ಶುರುವಾಯಿತು. ನಮ್ಮ ಭಾಗದಲ್ಲಿ ಸರ್ವೇ, ಸಿವಿಲ್, ಮೈನಿಂಗ್ ಕೆಲಸದಲ್ಲಿರುವವರು "ಯಾವ ಮಷೀನ್ ತಗೊಂಡ್ರಿ ಮೇಡಂ?" ಅಂತ ಕೇಳುತ್ತಲೇ ಇರುತ್ತಾರೆ. ಮಾದರಿಯ ಹೆಸರು ಹೇಳಿ ಉಪಯೋಗವಿಲ್ಲ. ವರ್ಷ ತಿರುಗುವುದರೊಳಗೆ ಅದು ಅಂಗಡಿಯಲ್ಲಿ ಇರುವುದಿಲ್ಲ, ಹೆಸರಿನ ಮುಂದಿನ ಅಂಕಿ ಬದಲಾಗಿರುತ್ತದೆ. ಯಾವುದನ್ನು ಬಿಟ್ಟುಕೊಟ್ಟೆ, ಯಾವುದನ್ನು ಬಿಡಲಿಲ್ಲ, ಯಾಕೆ ಅನ್ನುವುದನ್ನು ಹೇಳಿದರೆ ಮುಂದಿನ ವರ್ಷ ತಗೊಳ್ಳುವವರಿಗೂ ಕೆಲಸಕ್ಕೆ ಬಂದೀತು.

ನನ್ನದು ಡ್ರೋನ್ ಸರ್ವೇ. ಸಿವಿಲ್ ಡಿಪ್ಲೊಮಾ ಮುಗಿಸಿ ಟೋಟಲ್ ಸ್ಟೇಷನ್ ಅನ್ನುವ ಸರ್ವೇ ಉಪಕರಣ ಹೊತ್ತು ತಿರುಗಿದವಳು ಆಮೇಲೆ ಇದಕ್ಕೆ ಬಂದೆ. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್ ಪಟ್ಟಿಯ ನೆಲದಡಿ ಸುಣ್ಣಕಲ್ಲು ಹಾಸಿಕೊಂಡಿದೆ, ಸಿಮೆಂಟ್ ಕಾರ್ಖಾನೆಗಳು ಅದರ ಮಗ್ಗುಲಲ್ಲೇ ಕೂತಿವೆ. 2021ರ ನವೆಂಬರ್‌ನಲ್ಲಿ ಕೇಂದ್ರ ಸರ್ಕಾರ ಖನಿಜ ಸಂರಕ್ಷಣೆ ಮತ್ತು ಅಭಿವೃದ್ಧಿ ನಿಯಮಗಳಿಗೆ ತಿದ್ದುಪಡಿ ತಂದಿತು. ವರ್ಷಕ್ಕೆ 10 ಲಕ್ಷ ಟನ್ ಅಥವಾ ಅದಕ್ಕಿಂತ ಹೆಚ್ಚು ಅಗೆಯುವ ಯೋಜನೆಯಿರುವ ಗಣಿ, ಇಲ್ಲವೇ 50 ಹೆಕ್ಟೇರ್ ಅಥವಾ ಅದಕ್ಕಿಂತ ದೊಡ್ಡ ಗುತ್ತಿಗೆ ಪ್ರದೇಶದ ಗಣಿ ಪ್ರತಿವರ್ಷ ಡ್ರೋನ್ ಸರ್ವೇ ಚಿತ್ರಗಳನ್ನು ಸಲ್ಲಿಸಬೇಕು. ಗುತ್ತಿಗೆ ಗಡಿಯ ಆಚೆ 100 ಮೀಟರ್ ಕೂಡ ಅದರಲ್ಲಿ ಬರಬೇಕು. ನನ್ನಂಥ ಸಣ್ಣ ಆಫೀಸುಗಳಿಗೆ ಕೆಲಸ ಹೆಚ್ಚಿದ್ದು ಅಲ್ಲಿಂದ.

ಡ್ರೋನ್ ಇಳಿದ ಮೇಲೆ ಕಾರ್ಡಿನಲ್ಲಿ ಎಂಟುನೂರೋ ಸಾವಿರವೋ ಚಿತ್ರ ಇರುತ್ತವೆ. ಒಂದು ಚಿತ್ರದ ಮೇಲೆ ಇನ್ನೊಂದು ಮುಕ್ಕಾಲು ಪಾಲಿಗಿಂತ ಹೆಚ್ಚು ಹಾಯ್ದಿರಬೇಕು, ಆಗಲೇ ಸಾಫ್ಟ್‌ವೇರ್ ಅವನ್ನು ಹೊಂದಿಸಿ ನೆಲದ ಆಕಾರ ಕಟ್ಟುತ್ತದೆ. ನೆಲದ ಪೂರ್ತಿ ಮೂರು ಆಯಾಮದ ಮಾದರಿ ಕಟ್ಟುವುದು ರಾತ್ರಿಯಿಡೀ ಓಡುವ ಕೆಲಸ, ಅದಕ್ಕೆ ಸೇಡಂ ರಸ್ತೆಯ ನಮ್ಮ ಆಫೀಸಿನಲ್ಲಿ ಡೆಸ್ಕ್‌ಟಾಪ್ ಇದೆ. ಆದರೆ ಚಿತ್ರಗಳು ಒಂದಕ್ಕೊಂದು ಕೂಡುತ್ತವೆಯೋ ಇಲ್ಲವೋ, ಎಲ್ಲಾದರೂ ತೂತು ಬಿದ್ದಿದೆಯೋ, ಡಿಜಿಪಿಎಸ್‌ನಲ್ಲಿ (ಹೆಚ್ಚು ನಿಖರವಾದ ಜಿಪಿಎಸ್) ಹಿಡಿದ ಜಿಸಿಪಿಗಳು, ಅಂದರೆ ನೆಲದ ಮೇಲೆ ಗುರುತು ಹಾಕಿದ ಬಿಂದುಗಳು, ಎಷ್ಟು ಸೆಂಟಿಮೀಟರ್ ಆಚೀಚೆ ಕೂರುತ್ತಿವೆ, ಇಷ್ಟನ್ನು ಕ್ವಾರಿ ಬಿಡುವ ಮುಂಚೆಯೇ ನೋಡಿಕೊಳ್ಳಬೇಕು. ಕಾರಣ ಬ್ಲಾಸ್ಟಿಂಗ್. ಬೆಳಿಗ್ಗೆ ಗೇಟ್ ಪಾಸ್ ಬರೆಸುವಾಗಲೇ ಫೋರ್‌ಮನ್ ಹೇಳಿರುತ್ತಾರೆ: "ಮೇಡಮ್ಮೋರೇ, ಇವತ್ತ ಬ್ಲಾಸ್ಟಿಂಗ್ ಅದ್ರಿ. ಊಟದ ಟೈಮಿಗಿ ಎಲ್ಲಾರೂ ಖಾಲಿ ಮಾಡ್ಬೇಕಾಗ್ತದ." ಒಮ್ಮೆ ಬ್ಲಾಸ್ಟ್ ಆಯಿತೆಂದರೆ ಬೆಳಿಗ್ಗೆ ನಾವು ಅಳೆದ ನೆಲವೇ ಅಲ್ಲಿ ಇರುವುದಿಲ್ಲ. ನಾಳೆ ಬಂದು ಮತ್ತೆ ಹಾರಿಸುತ್ತೇವೆ ಅನ್ನಲು ಆಗದು.

ಹಾಗಾಗಿ ನನ್ನ ಲ್ಯಾಪ್‌ಟಾಪ್‌ಗೆ ನಾನು ಕೇಳುವುದು ಒಂದೇ. ಡ್ರೋನ್ ಇಳಿದದ್ದಕ್ಕೂ ಸೈರನ್ ಊದುವುದಕ್ಕೂ ನಡುವೆ ಸಿಗುವ ಹೊತ್ತಿನಲ್ಲಿ, ಬೊಲೆರೊ ಹಿಂದಿನ ಸೀಟಿನಲ್ಲೋ ಬೇವಿನ ಮರದ ಕೆಳಗೋ, ಚಿತ್ರಗಳನ್ನು ಕಡಿಮೆ ಗುಣಮಟ್ಟದಲ್ಲಾದರೂ ಹೊಂದಿಸಿ ತೋರಿಸಬೇಕು. ಉಳಿದದ್ದೆಲ್ಲ ಇದ್ದರೆ ಇರಲಿ ಅನ್ನುವ ಸಾಲಿಗೆ ಸೇರಿದ್ದು. ಇದು ಮನಸ್ಸಿಗೆ ಖಚಿತವಾದ ಮೇಲೆ ತೂಗುವುದು ಸಲೀಸಾಯಿತು.

ಮೊದಲು ಬಿಸಿಯ ಲೆಕ್ಕ, ಯಾಕೆಂದರೆ ಇದನ್ನು ಯಾವ ರಿವ್ಯೂ ಕೂಡ ನಮ್ಮ ಪರವಾಗಿ ಮಾಡಿಕೊಡುವುದಿಲ್ಲ. ಚಿಪ್ಪಿನ ಬಿಸಿಯನ್ನು ತಾಮ್ರದ ಪೈಪು ಹೀರಿ ತೆಳ್ಳನೆ ರೆಕ್ಕೆಗಳಿಗೆ ತಲುಪಿಸುತ್ತದೆ, ಫ್ಯಾನು ಅದನ್ನು ಗಾಳಿಗೆ ಬಿಡುತ್ತದೆ. ಎಷ್ಟು ಬಿಸಿ ಹೊರಗೆ ಹೋದೀತು ಅನ್ನುವುದು ಚಿಪ್ಪಿಗೂ ಗಾಳಿಗೂ ನಡುವಿನ ಉಷ್ಣಾಂಶದ ಅಂತರದ ಮೇಲೆ ನಿಂತಿದೆ. ಬಸಿಯಲ್ಲಿ ಹೊಯ್ದ ಚಹಾ ಚಳಿಗಾಲದಲ್ಲಿ ಬೇಗ ಆರಿ, ಮೇ ತಿಂಗಳಲ್ಲಿ ಬೇಗ ಆರದೆ ನಮ್ಮನ್ನು ಕಾಯುವಂತೆ ಮಾಡುವುದೂ ಇದೇ ಕಾರಣಕ್ಕೆ. ಇಂಟೆಲ್‌ನ ಲ್ಯಾಪ್‌ಟಾಪ್ ಚಿಪ್ಪುಗಳು ಸುಮಾರು 100 ಡಿಗ್ರಿ ಮುಟ್ಟಿದಾಗ ತಾವಾಗಿಯೇ ವೇಗ ಇಳಿಸಿಕೊಳ್ಳುತ್ತವೆ. ರಿವ್ಯೂ ಮಾಡುವವರ ಎಸಿ ಕೋಣೆ 25 ಡಿಗ್ರಿ ಇದ್ದರೆ ಅಂತರ 75. ನಮ್ಮ ಬೇವಿನ ನೆರಳು 43 ಇದ್ದರೆ ಅಂತರ 57. ಅಂದರೆ ಅದೇ ಪೈಪು, ಅದೇ ಫ್ಯಾನು ನಮ್ಮಲ್ಲಿ ಹೆಚ್ಚುಕಡಿಮೆ ಮುಕ್ಕಾಲು ಪಾಲು ಬಿಸಿಯನ್ನಷ್ಟೇ ಹೊರಹಾಕಬಲ್ಲವು. ಅಲ್ಲಿ 120 ವಾಟ್ ತಾಳಿಕೊಂಡ ದಪ್ಪ ಮಷೀನು ಇಲ್ಲಿ 91ಕ್ಕೆ ಬರುತ್ತದೆ. ಅಲ್ಲಿ 80 ವಾಟ್ ತಾಳಿಕೊಂಡ ತೆಳು ಮಷೀನು 61ಕ್ಕೆ. ಇದು ಅಂದಾಜಿನ ಲೆಕ್ಕ, ಫ್ಯಾನಿನ ವೇಗ, ರೆಕ್ಕೆಗಳ ಧೂಳು ಎಲ್ಲ ಸೇರಿ ಜರಾ ಆಚೀಚೆ ಆಗುತ್ತದೆ. ಆದರೆ ದಿಕ್ಕು ಇದೇ.

ಹಾಗಾದ ಮೇಲೆ ದಪ್ಪ ಅನ್ನುವುದನ್ನು ಕುಂದು ಅಂತ ನೋಡಲು ನನಗೆ ಆಗಲಿಲ್ಲ. ತೆಳುವಾಗಿಸುವಾಗ ಮೊದಲು ಕತ್ತರಿ ಬೀಳುವುದು ರೆಕ್ಕೆಗಳ ಎತ್ತರಕ್ಕೆ, ಫ್ಯಾನಿನ ದಪ್ಪಕ್ಕೆ. ಬೆಂಗಳೂರಿನ ಎಸಿ ಆಫೀಸಿನಲ್ಲಿ ಕೂತವರಿಗೆ ಆ ಕತ್ತರಿ ಅಷ್ಟು ತಾಗುವುದಿಲ್ಲ, ನಮಗೆ ತಾಗುತ್ತದೆ.

ಪ್ರೊಸೆಸರ್ ಹೆಸರಿನ ಕೊನೆಯ ಅಕ್ಷರಗಳನ್ನೂ ಇದೇ ಕಣ್ಣಿನಿಂದ ನೋಡಿದೆ. ಇಂಟೆಲ್‌ನ 13ನೇ ಪೀಳಿಗೆಯಲ್ಲಿ ಎಚ್ ಅಂತ ಮುಗಿಯುವ ಚಿಪ್ಪುಗಳಿಗೆ ಮೂಲ ಶಕ್ತಿ 45 ವಾಟ್, ಗರಿಷ್ಠ ಟರ್ಬೊ, ಅಂದರೆ ಸ್ವಲ್ಪ ಹೊತ್ತಿಗೆ ಏರುವ ಶಕ್ತಿ, 115ರವರೆಗೆ. ಎಚ್‌ಎಕ್ಸ್ ಅಂತ ಮುಗಿಯುವವಕ್ಕೆ ಮೂಲ 55, ಗರಿಷ್ಠ 157. ಅಂಗಡಿಯವರು ತೋರಿಸುವುದು ಈ ಗರಿಷ್ಠದ ಮೇಲೆ ಬಂದ ವೇಗ ಪರೀಕ್ಷೆಯ ಅಂಕಗಳನ್ನು. ಆದರೆ ಲ್ಯಾಪ್‌ಟಾಪ್ ಆ ಎತ್ತರದಲ್ಲಿ ನಿಲ್ಲುವುದು ಸ್ವಲ್ಪವೇ ಹೊತ್ತು. ಆಟೊಕ್ಯಾಡ್‌ನಲ್ಲಿ ಗೆರೆ ಎಳೆಯುವವರಿಗೆ ಆ ಸ್ವಲ್ಪ ಹೊತ್ತೇ ಸಾಕು, ಅವರ ಕೆಲಸ ಹೆಚ್ಚಾಗಿ ಒಂದೇ ಕೋರ್ ಮೇಲೆ, ಬಿಟ್ಟು ಬಿಟ್ಟು ನಡೆಯುತ್ತದೆ. ಫೋಟೊಗ್ರಾಮೆಟ್ರಿ, ಅಂದರೆ ಚಿತ್ರಗಳಿಂದ ನೆಲದ ಆಕಾರ ಕಟ್ಟುವ ನಮ್ಮ ಕೆಲಸ, ಹಾಗಲ್ಲ, ಎಲ್ಲ ಕೋರ್‌ಗಳನ್ನೂ ಹಿಡಿದು ಒಂದೇ ಸಮನೆ ಓಡಿಸುತ್ತದೆ. ಹದಿನೈದು ನಿಮಿಷ ಕಳೆದ ಮೇಲೆ ಚಿಪ್ಪಿಗೆ ಎಷ್ಟು ವಾಟ್ ಸಿಗುತ್ತಿದೆ ಅನ್ನುವುದೇ ನನಗೆ ಬೇಕಾದ ಅಂಕಿ. 43 ಡಿಗ್ರಿಯಲ್ಲಿ ತೆಳು ಮೈಯೊಳಗೆ ಕೂತ ಎಚ್‌ಎಕ್ಸ್‌ಗಿಂತ ದಪ್ಪ ಮೈಯೊಳಗಿನ ಎಚ್ ಮೇಲಾಗಬಹುದು. ನಾನು ದಪ್ಪ ಮೈಯ ಎಚ್ ಕಡೆಗೇ ವಾಲಿದೆ.

ಗ್ರಾಫಿಕ್ಸ್‌ನಲ್ಲಿ ಇದಕ್ಕಿಂತ ಹೆಚ್ಚು ಎಚ್ಚರ ಬೇಕು. ಒಂದೇ ಹೆಸರಿನ ಚಿಪ್ಪು ಬೇರೆ ಬೇರೆ ಲ್ಯಾಪ್‌ಟಾಪ್‌ಗಳಲ್ಲಿ ಬೇರೆ ಬೇರೆ ಶಕ್ತಿಗೆ ಕಟ್ಟಿಹಾಕಿರುತ್ತಾರೆ. ಎನ್ವಿಡಿಯಾ ಆರ್‌ಟಿಎಕ್ಸ್ 4070 ಲ್ಯಾಪ್‌ಟಾಪ್ ಚಿಪ್ಪನ್ನೇ ನೋಡಿ, 35 ವಾಟ್‌ನಿಂದ 115 ವಾಟ್‌ವರೆಗೆ ಎಲ್ಲಿ ಬೇಕಾದರೂ ಇಡಲು ತಯಾರಕರಿಗೆ ಅವಕಾಶವಿದೆ. ಡಬ್ಬಿಯ ಮೇಲಿನ ಸ್ಟಿಕ್ಕರ್ ಮಾತ್ರ ಒಂದೇ. ಡೆಸ್ಕ್‌ಟಾಪ್‌ನ 4070 ಇನ್ನೂ ಬೇರೆಯದೇ, ಅದರಲ್ಲಿ 12 ಜಿಬಿ ಮೆಮೊರಿ, ಲ್ಯಾಪ್‌ಟಾಪ್‌ನದರಲ್ಲಿ 8 ಜಿಬಿ. 4090ರ ಕಥೆಯೂ ಇದೇ: ಡೆಸ್ಕ್‌ಟಾಪ್‌ಗೆ 24, ಲ್ಯಾಪ್‌ಟಾಪ್‌ಗೆ 16. ಆದ್ದರಿಂದ ಹೆಸರು ಕೇಳಿ ಸುಮ್ಮನಾಗಬೇಡಿ, "ಈ ಮಾದರಿಯಲ್ಲಿ ಎಷ್ಟು ವಾಟ್‌ಗೆ ಇಟ್ಟಾರ್ರಿ?" ಅಂತ ಕೇಳಿ. ಅಂಗಡಿಯವರಿಗೆ ಗೊತ್ತಿಲ್ಲದಿದ್ದರೆ ಕಂಪನಿಯ ಪೂರ್ತಿ ವಿವರಪಟ್ಟಿಯಲ್ಲಿ ಹುಡುಕಿ.

ವರ್ಕ್‌ಸ್ಟೇಷನ್ ಸಾಲಿನ ವೃತ್ತಿಪರ ಚಿಪ್ಪುಗಳಲ್ಲಿ ಎನ್ವಿಡಿಯಾದ ಏಡಾ ಪೀಳಿಗೆಯ 2000 ಮತ್ತು 3000ಕ್ಕೆ 8 ಜಿಬಿ, 3500ಕ್ಕೆ 12, 5000ಕ್ಕೆ 16. ಮೇಲೆ ಹೋದಂತೆ ಬೆಲೆ ಜಿಗಿಯುತ್ತದೆ, ಜೊತೆಗೆ ಬಿಸಿಯೂ ಚಾರ್ಜರಿನ ಗಾತ್ರವೂ. ಚಿತ್ರ ಹೊಂದಿಸುವ ನನ್ನ ಕೆಲಸಕ್ಕೆ 8 ಜಿಬಿ ಸಾಲುತ್ತದೆ. ಕೋಟಿಗಟ್ಟಲೆ ಬಿಂದುಗಳ ಪಾಯಿಂಟ್ ಕ್ಲೌಡನ್ನು ಸ್ಥಳದಲ್ಲೇ ತಿರುಗಿಸಿ ತೋರಿಸಬೇಕಾದವರಿಗೆ, ದೊಡ್ಡ ರೆಂಡರಿಂಗ್ ಮಾಡುವವರಿಗೆ 12 ಬೇಕೇ ಬೇಕು, ಯಾಕೆಂದರೆ ಗ್ರಾಫಿಕ್ಸ್ ಮೆಮೊರಿಯನ್ನು ಆಮೇಲೆ ಯಾರೂ ಹೆಚ್ಚಿಸಲಾರರು. ನಾನು 8ಕ್ಕೆ ನಿಂತೆ. ಅಲ್ಲಿ ಉಳಿದ ದುಡ್ಡನ್ನು ಎಲ್ಲಿಗೆ ಹಾಕಿದೆ ಅನ್ನುವುದು ಕೆಳಗೆ ಬರುತ್ತದೆ.

ಕರೆಂಟಿನ ವಿಷಯ. ಲ್ಯಾಪ್‌ಟಾಪ್ ಬ್ಯಾಟರಿಗಳು 100 ವಾಟ್-ಅವರ್ ದಾಟದಿರುವುದಕ್ಕೆ ಕಾರಣ ವಿಮಾನದ ನಿಯಮ. 100 ವಾಟ್-ಅವರ್ ಮೀರಿದ ಲಿಥಿಯಂ ಬ್ಯಾಟರಿಗೆ ವಿಮಾನ ಕಂಪನಿಯ ಅನುಮತಿ ಬೇಕಾಗುತ್ತದೆ. ಅಂದರೆ ಎಷ್ಟು ದುಡ್ಡು ಕೊಟ್ಟರೂ ಅದಕ್ಕಿಂತ ದೊಡ್ಡದು ಹೆಚ್ಚುಕಡಿಮೆ ಸಿಗುವುದಿಲ್ಲ. 90 ವಾಟ್-ಅವರ್ ಬ್ಯಾಟರಿಯನ್ನು ಚಿತ್ರ ಹೊಂದಿಸಲು 100 ವಾಟ್‌ನಲ್ಲಿ ಓಡಿಸಿದರೆ ಒಂದು ತಾಸು ತುಂಬುವುದಿಲ್ಲ. ಬರೀ ನಕ್ಷೆ ನೋಡುತ್ತ 15 ವಾಟ್‌ನಲ್ಲಿ ಕೂತರೆ ಆರು ತಾಸು. ಎರಡೂ ನಿಜ, ಜಾಹೀರಾತು ಎರಡನೆಯದನ್ನು ಮಾತ್ರ ಹೇಳುತ್ತದೆ. ಮೇಲಾಗಿ ಚಾರ್ಜರ್ ಕಿತ್ತ ಕೂಡಲೇ ಹೆಚ್ಚಿನ ಮಷೀನುಗಳು ಗ್ರಾಫಿಕ್ಸ್‌ನ ಶಕ್ತಿ ತಗ್ಗಿಸುತ್ತವೆ. ಹಾಗಾಗಿ "ಬ್ಯಾಟರಿ ಭಾಳ ಬರ್ತದ" ಅನ್ನುವ ಮಾತಿಗೆ ನಾನು ಹೆಚ್ಚು ತೂಕ ಕೊಡಲಿಲ್ಲ. ಚಾರ್ಜ್ ಹೇಗೆ ಆಗುತ್ತದೆ ಅನ್ನುವುದಕ್ಕೆ ಕೊಟ್ಟೆ.

ಕ್ವಾರಿಯಲ್ಲಿ ಪ್ಲಗ್ಗು ಸಿಗುವುದು ಸೈಟ್ ಆಫೀಸಿನಲ್ಲಿ, ನಾವಿರುವುದು ಅದರಿಂದ ದೂರ. ನಮ್ಮ ಬಳಿ ಇರುವುದು ಗಾಡಿಯ ಸಿಗರೇಟ್ ಲೈಟರ್ ಸಾಕೆಟ್. 12 ವೋಲ್ಟ್, ಸುಮಾರು 10 ಆಂಪಿಯರ್, ಅಂದರೆ 120 ವಾಟ್ ಸುತ್ತಮುತ್ತ. 230 ವಾಟ್‌ನ ಇಟ್ಟಿಗೆಯಂಥ ಚಾರ್ಜರನ್ನು ಇನ್ವರ್ಟರ್ ಮೂಲಕ ಅದಕ್ಕೆ ಸಿಕ್ಕಿಸಿದರೆ ಫ್ಯೂಸು ಹೋಗುತ್ತದೆ. 100 ವಾಟ್‌ನ ಯುಎಸ್‌ಬಿ-ಸಿ ಕಾರ್ ಚಾರ್ಜರ್ ಆದರೆ ನಡೆಯುತ್ತದೆ. ಹಾಗಾಗಿ ನನ್ನ ಪಟ್ಟಿಯಲ್ಲಿ ಬಿಡಲೇಬಾರದ ಷರತ್ತುಗಳಲ್ಲಿ ಇದೊಂದು: ಕಂಪನಿಯ ಸ್ವಂತ ಚಾರ್ಜರ್ ಏನೇ ಇರಲಿ, ಯುಎಸ್‌ಬಿ-ಸಿಯಿಂದ 100 ವಾಟ್ ಕೊಟ್ಟರೂ ಮಷೀನು ತಕರಾರಿಲ್ಲದೆ ತಗೊಳ್ಳಬೇಕು. ಯುಎಸ್‌ಬಿ-ಸಿಯಲ್ಲಿ ಕರೆಂಟು ಕೊಡುವ ಯುಎಸ್‌ಬಿ ಪಿಡಿ ಮಾನದಂಡ ಮೊದಲು 100 ವಾಟ್‌ಗೆ ನಿಂತಿತ್ತು, 2021ರಲ್ಲಿ ಬಂದ 3.1 ಆವೃತ್ತಿ ಅದನ್ನು 240ಕ್ಕೆ ಏರಿಸಿತು. ಹೊಸ ಮಾದರಿಗಳಲ್ಲಿ ಪೂರ್ತಿ ಯುಎಸ್‌ಬಿ-ಸಿ ಮೇಲೇ ನಡೆಯುವವೂ ಬರುತ್ತಿವೆ. ಆದರೆ ದೊಡ್ಡ ಮಷೀನುಗಳಲ್ಲಿ ಕೆಲವು 100 ವಾಟ್ ಕಂಡರೆ ಎಚ್ಚರಿಕೆ ತೋರಿಸಿ ಆಮೆಗತಿಗೆ ಇಳಿಯುತ್ತವೆ, ಕೆಲವು ಚಾರ್ಜೇ ಆಗುವುದಿಲ್ಲ. ತಗೊಳ್ಳುವ ದಿನ ನಮ್ಮ ಕಾರ್ ಚಾರ್ಜರನ್ನೇ ಅಂಗಡಿಗೆ ಒಯ್ದು, ಅವರ ಡೆಮೊ ಮಷೀನನ್ನು ಬಾಗಿಲ ಮುಂದೆ ನಿಂತ ಬೊಲೆರೊಗೆ ಜೋಡಿಸಿ ನೋಡಿದ್ದೇವೆ. ನಮ್ಮ ಹುಡುಗ ಅದನ್ನು ಎತ್ತಿಕೊಂಡು ಹೊರಟಾಗ ಅಂಗಡಿಯವರು ಗಾಬರಿಯಾಗಿ ಜೊತೆಗೇ ಬಂದರು. ಯಾಕೆ ಅಂತ ಹೇಳಿದ ಮೇಲೆ ಅವರಿಗೂ ಕುತೂಹಲವಾಯಿತು.

ಬಿಸಿ ಬ್ಯಾಟರಿಯನ್ನೂ ಬಿಡುವುದಿಲ್ಲ. ಸಾಮಾನ್ಯ ಲಿಥಿಯಂ ಸೆಲ್ಲುಗಳನ್ನು ಚಾರ್ಜ್ ಮಾಡಲು 45 ಡಿಗ್ರಿ ಸುತ್ತಮುತ್ತ ಮೇಲಿನ ಗಡಿ, ಅದರಾಚೆ ಒಳ್ಳೆಯ ಮಷೀನು ತಾನೇ ಚಾರ್ಜಿಂಗ್ ನಿಲ್ಲಿಸುತ್ತದೆ. ಗಾಜು ಏರಿಸಿದ ಗಾಡಿಯೊಳಗೆ ಮೇ ತಿಂಗಳ ಮಧ್ಯಾಹ್ನ ಲ್ಯಾಪ್‌ಟಾಪ್ ಬಿಟ್ಟುಹೋಗುವುದು ನಮ್ಮ ಆಫೀಸಿನಲ್ಲಿ ನಿಷಿದ್ಧ. ಚಾರ್ಜ್ 80 ಪ್ರತಿಶತಕ್ಕೆ ನಿಲ್ಲುವಂತೆ ಹೊಂದಿಸಿಟ್ಟಿದ್ದೇನೆ, ಸೈಟಿಗೆ ಹೋಗುವ ಹಿಂದಿನ ರಾತ್ರಿ ಮಾತ್ರ ತುಂಬಿಸುತ್ತೇವೆ.

ಇನ್ನು ಪರದೆ. ಇದರಲ್ಲಿ ನನಗೂ ಬೀದರಿನ ಗೆಳೆಯನಿಗೂ ಒಮ್ಮತವಾಗುವುದಿಲ್ಲ, ಆಗಬೇಕಾಗಿಯೂ ಇಲ್ಲ. ಅವನು ಹಳೆಯ ಕಟ್ಟಡಗಳನ್ನು ಅನುಮತಿ ಪಡೆದು ಫೋಟೊ ತೆಗೆದು ಮೂರು ಆಯಾಮದಲ್ಲಿ ದಾಖಲಿಸುವವನು. ಸಾಫ್ಟ್‌ವೇರ್ ನನ್ನದೇ, ಕೆಲಸ ಪೂರಾ ಬೇರೆ. 1472ರ ಮಹಮೂದ್ ಗವಾನ್ ಮದರಸಾದ ಮುಂಭಾಗದಲ್ಲಿ ಇನ್ನೂ ಉಳಿದಿರುವ ಬಣ್ಣದ ಟೈಲ್ಸ್ ಅವನಿಗೆ ಪ್ರಾಣ. ನನ್ನ ಹಳೇ ಲ್ಯಾಪ್‌ಟಾಪ್‌ನಲ್ಲಿ ಒಮ್ಮೆ ಆ ಮಾದರಿ ತೆರೆದು ನೋಡಿ, "ಅಕ್ಕಾ, ಆ ನೀಲಿ ನಿಮ್ಮ ಸ್ಕ್ರೀನ್‌ನಾಗ ಬೂದಿ ಕಂಡಂಗ ಕಾಣ್ಲಕತ್ತದ. ಇದ್ರಾಗ ನಾ ಕೆಲಸ ಮಾಡಿದ್ರ ಬಣ್ಣಾನೇ ಸುಳ್ಳಾಗ್ತದ" ಅಂದ. ಅವನ ಮಾತು ಸರಿ. ಅಗ್ಗದ ಪರದೆಗಳ ವಿವರದಲ್ಲಿ 45 ಪ್ರತಿಶತ ಎನ್‌ಟಿಎಸ್‌ಸಿ (ಬಣ್ಣಗಳ ವ್ಯಾಪ್ತಿಯ ಒಂದು ಅಳತೆ) ಅಂತ ಬರೆದಿರುತ್ತಾರೆ, ಅಂಥದ್ದರಲ್ಲಿ ಮಾಮೂಲಿ ಎಸ್‌ಆರ್‌ಜಿಬಿ ಬಣ್ಣಗಳ ಮೂರರಲ್ಲಿ ಎರಡು ಪಾಲಿಗಿಂತ ಕಡಿಮೆ ಮಾತ್ರ ಕಾಣಿಸುತ್ತದೆ. ಅವನು 4ಕೆ ಒಎಲ್‌ಇಡಿ ತಗೊಂಡ, ತೆಳ್ಳನೆಯದನ್ನೇ ತಗೊಂಡ, ಎರಡು ಕೆ.ಜಿ.ಯೊಳಗಿನದು. 2017ರಲ್ಲಿ ಶುರುವಾದ ಬೀದರ್–ಕಲಬುರಗಿ ಲೈನಿನ ರೈಲಿನಲ್ಲಿ ಕ್ಯಾಮೆರಾ ಬ್ಯಾಗ್, ಟ್ರೈಪಾಡ್ ಜೊತೆ ಅದನ್ನು ಹೆಗಲಿಗೆ ಹಾಕಿಕೊಂಡು ಬರುವವನು ಅವನು. ಲ್ಯಾಪ್‌ಟಾಪ್ ತೆರೆಯುವುದು ಮನೆಯೊಳಗೆ, ಸಂಜೆ ಮೇಲೆ. ನಾನು ಮೇಲೆ ಹೇಳಿದ ಬಿಸಿಯ ಲೆಕ್ಕ ಅವನಿಗೆ ಅಷ್ಟಾಗಿ ಅನ್ವಯಿಸುವುದಿಲ್ಲ, ತೂಕದ ಲೆಕ್ಕ ಪೂರ್ತಿ ಅನ್ವಯಿಸುತ್ತದೆ.

ನನಗೆ ಬಯಲಲ್ಲಿ ಕಾಣಬೇಕು. ಒಎಲ್‌ಇಡಿ ಪರದೆಗಳು ಹೆಚ್ಚಾಗಿ ಹೊಳಪಿನವು, ಬೊಲೆರೊದ ಕಿಟಕಿಯೂ ನನ್ನ ಮುಖವೂ ಅದರಲ್ಲಿ ಕಾಣುತ್ತವೆ, ಜಿಸಿಪಿಯ ಗುರುತು ಕಾಣುವುದಿಲ್ಲ. ಮ್ಯಾಟ್ ಪರದೆ ಬೇಕೇ ಬೇಕು. ಪ್ರಖರತೆ 300 ನಿಟ್ಸ್ ಇದ್ದರೆ ನೆರಳಲ್ಲೂ ಕಣ್ಣು ಕಿರಿದು ಮಾಡಬೇಕಾಗುತ್ತದೆ, 500 ಆದರೆ ನೆರಳಲ್ಲಿ ಸಲೀಸು. ನೇರ ಬಿಸಿಲಿಗೆ 500 ಕೂಡ ಸಾಲದು, ಅದಕ್ಕೆಂದೇ ಮಾಡಿದ ಗಡುಸು ಲ್ಯಾಪ್‌ಟಾಪ್‌ಗಳು ಬೇರೆ ಇವೆ, ಅವುಗಳ ಪರದೆ 1000 ನಿಟ್ಸ್ ಮುಟ್ಟುತ್ತದೆ. ಆದರೆ ನನ್ನ ಹಣಕ್ಕೆ ಸಿಗುವ ಅಂಥವುಗಳಲ್ಲಿ ನನಗೆ ಬೇಕಾದ ಗ್ರಾಫಿಕ್ಸ್ ಇರುವುದಿಲ್ಲ. 4ಕೆ ಬೇಡವೆಂದೆ. 16 ಇಂಚಿನಲ್ಲಿ ಅಷ್ಟು ಸಣ್ಣ ಚುಕ್ಕಿ ನನಗೆ ಬೇಕಿಲ್ಲ, ಅದು ಬ್ಯಾಟರಿಯನ್ನೂ ತಿನ್ನುತ್ತದೆ, ಮತ್ತು ನಾವು ಬಳಸುವ ಹಳೆಯ ಸರ್ವೇ ಸಾಫ್ಟ್‌ವೇರುಗಳಲ್ಲಿ ಗುಂಡಿಗಳು ಇರುವೆ ಗಾತ್ರಕ್ಕೆ ಇಳಿಯುತ್ತವೆ. 2560 ಬೈ 1600 ಹಿಡಿದೆ. 16:10 ಅಳತೆಯಲ್ಲಿ ಕೆಳಗೆ ಸಿಗುವ ಆ ಎರಡು ಬೆರಳು ಹೆಚ್ಚಿನ ಜಾಗ ನಕ್ಷೆಗೂ ಎಕ್ಸೆಲ್‌ಗೂ ಒಳ್ಳೆಯದು. ಬಣ್ಣಕ್ಕೆ 100 ಪ್ರತಿಶತ ಎಸ್‌ಆರ್‌ಜಿಬಿ ಇದೆ, ಗೆಳೆಯನಿಗೆ ಸಮಾಧಾನವಿಲ್ಲ, ನನಗಿದೆ.

ಮೆಮೊರಿಯ ವಿಷಯದಲ್ಲಿ ನಾನು ಜಗ್ಗಲಿಲ್ಲ. ತೆಳು ಮಾದರಿಗಳಲ್ಲಿ ಈಗ ಎಲ್‌ಪಿಡಿಡಿಆರ್5ಎಕ್ಸ್ ಮೆಮೊರಿಯನ್ನು ಬೋರ್ಡಿಗೇ ಬೆಸೆದಿರುತ್ತಾರೆ. ಅದು ವೇಗವೂ ಹೌದು, ಕರೆಂಟೂ ಕಡಿಮೆ ತಿನ್ನುತ್ತದೆ, ಸುಮ್ಮನೆ ತೆಗಳುವಂಥದ್ದಲ್ಲ. ಆದರೆ ತಗೊಳ್ಳುವ ದಿನ 32 ಜಿಬಿ ಅಂದರೆ ಕೊನೆಯವರೆಗೂ 32, ಒಂದು ಚಿಪ್ಪು ಕೆಟ್ಟರೆ ಮದರ್‌ಬೋರ್ಡೇ ಹೋಯಿತು. ಇದಕ್ಕೂ ಹಳೆಯ ಸ್ಟಿಕ್ಕಿಗೂ ನಡುವಿನ ದಾರಿಯಾಗಿ ಕ್ಯಾಮ್ ಅನ್ನುವುದು ಬಂದಿದೆ. ಡೆಲ್ 2022ರಲ್ಲಿ ತನ್ನ ಪ್ರಿಸಿಷನ್ ಮಾದರಿಗಳಲ್ಲಿ ಮೊದಲು ತಂದಿತು, 2023ರ ಡಿಸೆಂಬರ್‌ನಲ್ಲಿ ಜೆಡೆಕ್ ಸಂಸ್ಥೆ ಅದನ್ನು ಕ್ಯಾಮ್2 ಹೆಸರಿನಲ್ಲಿ ಎಲ್ಲರಿಗೂ ಮಾನದಂಡವಾಗಿಸಿತು. ತೆಳ್ಳಗೂ ಇರುತ್ತದೆ, ಬಿಚ್ಚಿ ಬದಲಿಸಲೂ ಬರುತ್ತದೆ. ಇನ್ನು ಕೆಲವು ವರ್ಷಗಳಲ್ಲಿ ಎಲ್ಲರೂ ಅದಕ್ಕೇ ಬಂದರೆ ನನಗೆ ಖುಷಿ. ಇವತ್ತು ಮಾತ್ರ ಕಲಬುರಗಿಯ ಸೂಪರ್ ಮಾರ್ಕೆಟ್ ಪೇಟೆಯಲ್ಲಿ ನಿಂತು ಕೇಳಿದರೆ ಕೈಗೆ ಸಿಗುವುದು ಮಾಮೂಲಿ ಎಸ್‌ಒ-ಡಿಮ್ ಸ್ಟಿಕ್ಕು. ಆದ್ದರಿಂದ ಎರಡು ಸ್ಲಾಟ್ ಇರುವ ಮಷೀನು, ಎರಡೂ ಸ್ಲಾಟಿಗೆ 32ರಂತೆ 64 ಜಿಬಿ. ನಾಲ್ಕು ಸ್ಲಾಟಿನವೂ ಇವೆ, ಆದರೆ ಡಿಡಿಆರ್5ನಲ್ಲಿ ನಾಲ್ಕೂ ತುಂಬಿದರೆ ವೇಗ ಇಳಿಯುತ್ತದೆ. ಗ್ರಾಫಿಕ್ಸ್‌ನಲ್ಲಿ ಉಳಿಸಿದ ದುಡ್ಡಿನ ಅರ್ಧ ಇಲ್ಲಿಗೆ ಹೋಯಿತು. ಚಿತ್ರಗಳ ಸಂಖ್ಯೆ ಏರಿದಂತೆ ಮೊದಲು ಉಸಿರು ಕಟ್ಟುವುದು ಮೆಮೊರಿಗೇ, ಪ್ರೊಸೆಸರ್ ನಿಧಾನವಾದರೆ ಕಾಯಬಹುದು, ಮೆಮೊರಿ ಸಾಲದಿದ್ದರೆ ಕೆಲಸ ಅರ್ಧಕ್ಕೇ ನಿಲ್ಲುತ್ತದೆ.

ಎಸ್‌ಎಸ್‌ಡಿಗೂ ಎರಡು ಜಾಗ ಬೇಕು. ಒಂದರಲ್ಲಿ ವಿಂಡೋಸ್ ಮತ್ತು ಕೆಲಸ, ಇನ್ನೊಂದು ಬರೀ ಚಿತ್ರಗಳಿಗೆ. ಕಾರ್ಡಿನಿಂದ ಚಿತ್ರ ಎರಡು ಕಡೆ ಇಳಿಯದ ಹೊರತು ನಾವು ಕಾರ್ಡ್ ಅಳಿಸುವುದಿಲ್ಲ. ಮೈಮೇಲೆಯೇ ಎಸ್‌ಡಿ ಕಾರ್ಡ್ ರೀಡರ್ ಇರುವುದನ್ನೇ ಆರಿಸಿದ್ದೂ ಇದಕ್ಕೇ. ಧೂಳಿನಲ್ಲಿ ನೇತಾಡುವ ಡಾಂಗಲ್‌ಗಳನ್ನು ನಾನು ನಂಬುವುದಿಲ್ಲ. ನಮ್ಮ ಒಂದು ಸಾಫ್ಟ್‌ವೇರಿನ ಲೈಸೆನ್ಸೇ ಹಳೇ ಮಾದರಿಯ ಯುಎಸ್‌ಬಿ ಕೀ, ಅದಕ್ಕೆ ಅಗಲ ಬಾಯಿಯ ಯುಎಸ್‌ಬಿ ಪೋರ್ಟ್ ಕೂಡ ಬೇಕು.

ಧೂಳು ಅಂದೆ. ಸುಣ್ಣಕಲ್ಲಿನ ಪುಡಿ ಎಷ್ಟು ನುಣುಪೆಂದರೆ ಹ್ಯಾಂಡ್‌ಬ್ಯಾಗಿನ ಜಿಪ್ಪಿನೊಳಗೂ ಇಳಿದಿರುತ್ತದೆ. ಲ್ಯಾಪ್‌ಟಾಪ್‌ನ ರೆಕ್ಕೆಗಳ ನಡುವೆ ಅದು ಕೂತರೆ ಮೇಲೆ ಹೇಳಿದ 91 ವಾಟ್ ಕೂಡ ಸಿಗುವುದಿಲ್ಲ. ಮಿಲ್-ಎಸ್‌ಟಿಡಿ-810ಎಚ್ ಅಂತ ದೊಡ್ಡದಾಗಿ ಬರೆದಿರುತ್ತಾರಲ್ಲ, ಅದು ಅಮೆರಿಕದ ಸೈನ್ಯದ ಪರೀಕ್ಷಾ ಕ್ರಮಗಳ ಸಂಗ್ರಹ. ಅದರಲ್ಲಿ ಯಾವ ಪರೀಕ್ಷೆ, ಎಷ್ಟು ಕಠಿಣವಾಗಿ ಅನ್ನುವುದನ್ನು ತಯಾರಕರೇ ಆರಿಸಿಕೊಳ್ಳುತ್ತಾರೆ. ಅದಿದೆ ಅಂದಮಾತ್ರಕ್ಕೆ ಫ್ಯಾನು ಧೂಳು ಎಳೆಯದೆ ಇರುವುದಿಲ್ಲ. ನಾನು ನೋಡಿದ್ದು ಬೇರೆ: ತಳದ ಮುಚ್ಚಳ ಮಾಮೂಲಿ ಫಿಲಿಪ್ಸ್ ಸ್ಕ್ರೂಗಳಿಂದ ಬಿಚ್ಚುತ್ತದೆಯೋ, ಬಿಚ್ಚಿದರೆ ಫ್ಯಾನು ಮೊದಲೇ ಕಾಣುತ್ತದೆಯೋ, ತಯಾರಕರು ಬಿಚ್ಚುವ ಕ್ರಮದ ಕೈಪಿಡಿಯನ್ನು ಎಲ್ಲರಿಗೂ ಸಿಗುವಂತೆ ಹಾಕಿದ್ದಾರೋ. ಈ ಮೂರೂ ಇದ್ದರೆ ಬ್ಲೋವರ್ ಹಿಡಿದು ನಾವೇ ಸ್ವಚ್ಛ ಮಾಡಿಕೊಳ್ಳಬಹುದು. ಗಾಳಿ ಎಳೆಯುವ ಕಿಂಡಿ ತಳದಲ್ಲೇ ಇರುವುದರಿಂದ ಗಾಡಿ ಸೀಟಿನ ಮೇಲೆ ನೇರ ಇಡುವಂತಿಲ್ಲ. ಒಂದು ಪ್ಲೈವುಡ್ ಹಲಗೆಗೆ ನಾಲ್ಕು ರಬ್ಬರ್ ಗುಬುಟು ಹೊಡೆಸಿದ್ದೇನೆ, ಯಾವ ದುಬಾರಿ ಕೂಲಿಂಗ್ ಪ್ಯಾಡಿಗೂ ಕಡಿಮೆಯಿಲ್ಲ. ಪೂರ್ತಿ ಲೋಹದ ಮೈ ಅಂದವಾಗಿ ಕಾಣುತ್ತದೆ ನಿಜ, ಆದರೆ ಬಿಸಿಲು ಬಿದ್ದ ಅಲ್ಯೂಮಿನಿಯಂ ಮೇಲೆ ಮಣಿಕಟ್ಟು ಇಡಲು ಆಗುವುದಿಲ್ಲ. ಒಳ್ಳೆಯ ಗಟ್ಟಿ ಪ್ಲಾಸ್ಟಿಕ್ಕಿನ ಮೇಲೆ ಇಡಬಹುದು.

ತನ್ನ ತಪ್ಪನ್ನು ತಾನೇ ತಿದ್ದಿಕೊಳ್ಳುವ ಇಸಿಸಿ ಮೆಮೊರಿ ಬೇಕೇ ಅಂತ ಕೇಳುತ್ತಾರೆ. ರಾತ್ರಿಯಿಡೀ ಓಡುವ ಡೆಸ್ಕ್‌ಟಾಪ್‌ಗೆ ಹಾಕಿದ್ದೇನೆ, ಲ್ಯಾಪ್‌ಟಾಪ್‌ಗೆ ಬಿಟ್ಟೆ. ಈ ಮಷೀನಿನಲ್ಲಿ ತಮ್ಮ ಪ್ಯಾಕೇಜು ಸರಿಯಾಗಿ ನಡೆಯುತ್ತದೆ ಅನ್ನುವ ಸಾಫ್ಟ್‌ವೇರ್ ಕಂಪನಿಗಳ ಸರ್ಟಿಫಿಕೇಟ್? ಬೆಂಟ್ಲಿ, ಡಸಾಲ್ಟ್‌ನಂಥವರ ದೊಡ್ಡ ಪ್ಯಾಕೇಜುಗಳಲ್ಲಿ ದಿನವಿಡೀ ಕೂರುವವರಿಗೆ ಅದಿದ್ದರೆ ಡ್ರೈವರ್ ತೊಂದರೆ ಕಡಿಮೆ, ಅವರು ಅದಕ್ಕೆ ದುಡ್ಡು ಕೊಡಲಿ. ಕೀಬೋರ್ಡಿನಲ್ಲಿ ನಂಬರ್ ಪ್ಯಾಡ್ ಬೇಕು ಅಂತ ಹಟ ಹಿಡಿದೆ. ಅದರಿಂದ ಟೈಪ್ ಮಾಡುವ ಜಾಗ ಎಡಕ್ಕೆ ಸರಿಯುತ್ತದೆ, ಕೆಲವರಿಗೆ ಹಿಡಿಸುವುದಿಲ್ಲ. ಈಸ್ಟಿಂಗ್, ನಾರ್ತಿಂಗ್ ಅಂತ ಜಾಗ ಗುರುತಿಸುವ ಅಂಕಿಗಳನ್ನು ದಿನಕ್ಕೆ ನೂರಾರು ಹೊಡೆಯುವವರನ್ನು ಕೇಳಿ ನೋಡಿ.

ಯಾದಗಿರಿಯಿಂದ ಅಕ್ಕನ ಮಗ ಫೋನ್ ಮಾಡಿದ್ದ, ಸಿವಿಲ್ ಎಂಜಿನಿಯರಿಂಗ್ ಮೂರನೇ ವರ್ಷ. "ಚಿಕ್ಕಮ್ಮ, ನಂಗೂ ವರ್ಕ್‌ಸ್ಟೇಷನ್ನೇ ಬೇಕಾಗ್ತದೇನು?" ಅಂದ. ಬೇಡ ಅಂದೆ. ಕಾಲೇಜಿನ ಡ್ರಾಯಿಂಗಿಗೆ ಮಾಮೂಲಿ ಲ್ಯಾಪ್‌ಟಾಪ್, 16 ಜಿಬಿ ಮೆಮೊರಿ, ಮುಂದೆ ಹಾಕಲು ಒಂದು ಖಾಲಿ ಸ್ಲಾಟ್, ಇಷ್ಟು ಸಾಕು. ಉಳಿದ ದುಡ್ಡಿನಲ್ಲಿ ಒಂದು ಒಳ್ಳೆಯ 24 ಇಂಚಿನ ಮಾನಿಟರ್ ತಗೊಂಡರೆ ಕಣ್ಣಿಗೂ ಕತ್ತಿಗೂ ಒಳ್ಳೆಯದು.

ಕೊನೆಗೆ ನಾನು ತಂದದ್ದು 16 ಇಂಚಿನ, ಎರಡೂವರೆ ಕೆ.ಜಿ. ಹತ್ತಿರದ, ನೋಡಲು ಅಷ್ಟೇನೂ ಚಂದವಲ್ಲದ ಕಪ್ಪು ಮಷೀನು. ಮೂರು ಕೆ.ಜಿ. ಮುಟ್ಟುವ ದೊಡ್ಡಣ್ಣ ಪಕ್ಕದಲ್ಲೇ ಇತ್ತು, ಬಿಸಿಯ ಲೆಕ್ಕದಲ್ಲಿ ಅದೇ ಗೆಲ್ಲುತ್ತಿತ್ತು. ಆದರೆ ಅದು 100 ವಾಟ್ ಯುಎಸ್‌ಬಿ-ಸಿ ಪರೀಕ್ಷೆಯಲ್ಲಿ ನಿಲ್ಲಲಿಲ್ಲ, ಬೆಲೆಯೂ ನನ್ನ ಕೈಗೆ ಮೀರಿತ್ತು.

ಗ್ರಾಫಿಕ್ಸ್‌ನಲ್ಲಿ ಉಳಿಸಿದ ದುಡ್ಡಿನ ಇನ್ನರ್ಧ ಹೋದದ್ದು ವಾರಂಟಿಗೆ. ಮೂರು ವರ್ಷ, ನಮ್ಮಲ್ಲಿಗೇ ಬಂದು ರಿಪೇರಿ, ಬಿದ್ದು ಒಡೆದರೂ ಒಳಗೊಳ್ಳುವಂಥದ್ದು. ಇಲ್ಲಿ ನಮ್ಮ ಕಡೆಯವರು ಒಂದು ಮಾತು ನೆನಪಿಡಬೇಕು. ಮರುದಿನವೇ ಮನೆ ಬಾಗಿಲಿಗೆ ಅನ್ನುವುದು ದೊಡ್ಡ ಊರುಗಳ ಮಾತು. ಕಲಬುರಗಿ, ಬೀದರ್, ಯಾದಗಿರಿ ಮೂರಕ್ಕೂ ಪಿನ್ ಕೋಡ್ 585ರಿಂದ ಶುರುವಾಗುತ್ತದೆ. ನಿಮ್ಮ ಪೂರ್ತಿ ಪಿನ್ ಕೋಡ್ ಕೊಟ್ಟು, ಈ ವಿಳಾಸಕ್ಕೆ ಎಂಜಿನಿಯರ್ ಬರುತ್ತಾರೋ, ಎಷ್ಟು ದಿನದಲ್ಲಿ, ಬಿಡಿಭಾಗ ಎಲ್ಲಿಂದ ಹೊರಡುತ್ತದೆ ಅಂತ ಮೇಲ್‌ನಲ್ಲಿ ಬರೆಸಿಕೊಳ್ಳಿ. ಬಾಯಿಮಾತು ಬೇಡ. ನಮಗೆ ಬೆಂಗಳೂರಿಗಿಂತ ಹೈದರಾಬಾದ್ ಭಾಳ ಹತ್ತಿರ, ಬಿಡಿಭಾಗ ಅಲ್ಲಿಂದ ಬರುವಂತಿದ್ದರೆ ಎಷ್ಟೋ ವಾಸಿ. ನಾನು ಕೇಳಿದಾಗ ಒಬ್ಬ ಮಾರಾಟಗಾರರು ಎರಡು ದಿನ ತಗೊಂಡು ಸರಿಯಾದ ಉತ್ತರ ಬರೆದು ಕಳಿಸಿದರು, ಉಳಿದವರು ಬರೀ "ಆಗ್ತದ್ರಿ ಮೇಡಂ" ಅಂದರು. ಬರೆದು ಕೊಟ್ಟವರ ಹತ್ತಿರವೇ ತಗೊಂಡೆ. ಬಿಲ್ಲಿಗೆ ಆಫೀಸಿನ ಜಿಎಸ್‌ಟಿ ನಂಬರ್ ಹಾಕಿಸುವುದನ್ನು ಮರೆಯಬೇಡಿ, 18 ಪ್ರತಿಶತ ಅಂದರೆ ಈ ಬೆಲೆಯಲ್ಲಿ ಸಣ್ಣ ಮೊತ್ತವಲ್ಲ, ಇನ್‌ಪುಟ್ ಕ್ರೆಡಿಟ್ ಬರುತ್ತದೆ, ಅಂದರೆ ನಾವು ಕಟ್ಟಬೇಕಾದ ಜಿಎಸ್‌ಟಿಯಲ್ಲಿ ಅದನ್ನು ಮುರಿದುಕೊಳ್ಳಬಹುದು.